ಇಡುಗಂಟು ಯಾವ ಊರಿನದು?

ಮಾರ್ಚ್ ತಿಂಗಳ ಕೊನೆಯ ವಾರ ಬೆಂಗಳೂರಿನ ಯಾವುದಾದರೂ ಹಳೆಯ ಬಡಾವಣೆಯ ಬ್ಯಾಂಕ್ ಶಾಖೆಗೆ ಹೋದರೆ, ಫಾರಿನ್ ಎಕ್ಸ್‌ಚೇಂಜ್ ನೋಡಿಕೊಳ್ಳುವ ಅಧಿಕಾರಿಯ ಮುಂದೆ ಎಪ್ಪತ್ತರ ಆಸುಪಾಸಿನ ದಂಪತಿ ಕೂತಿರುವುದು ಅಪರೂಪವೇನಲ್ಲ. ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಮನೆ ಮಾರಿದ ಕ್ರಯಪತ್ರದ ಜೆರಾಕ್ಸ್, ಪ್ಯಾನ್ ಕಾರ್ಡು, ಪಾಸ್‌ಪೋರ್ಟು, ಮಗಳು ವಾಟ್ಸಾಪ್‌ನಲ್ಲಿ ಕಳಿಸಿದ ಅಮೆರಿಕದ ಖಾತೆಯ ನಂಬರು. ಅಧಿಕಾರಿ ಎ2 ಫಾರಂ ಮುಂದಿಟ್ಟು ಕೇಳುತ್ತಾರೆ: ‘ಪರ್ಪಸ್ ಏನು ಸಾರ್?’ ಉತ್ತರಕ್ಕೆ ತಕ್ಕ ಕೋಡ್ ಇದೆ. ಕುಟುಂಬ ಪೋಷಣೆಗೆ ಒಂದು, ಉಡುಗೊರೆಗೆ ಇನ್ನೊಂದು, ಪರದೇಶದ ಧಾರ್ಮಿಕ ಸಂಸ್ಥೆಗೆ ಕೊಡುವ ದಾನಕ್ಕೆ ಮತ್ತೊಂದು. ಕೋಡ್ ಬೀಳದೆ ಒಂದು ಡಾಲರೂ ಕದಲುವುದಿಲ್ಲ.

ಪೂಜೆಗೆ ಕೂತು ಅಭ್ಯಾಸವಿದ್ದವರಿಗೆ ಈ ವಿಚಾರಣೆ ತೀರಾ ಹೊಸದಲ್ಲ. ಸಂಕಲ್ಪದಲ್ಲೂ ಯಾವ ದ್ವೀಪ, ಯಾವ ವರ್ಷ, ಯಾವ ನದಿಯ ಯಾವ ದಡ, ಯಾರು, ಯಾತಕ್ಕೆ ಎಂದು ಹೇಳಿಕೊಂಡೇ ಮುಂದುವರಿಯಬೇಕು. ಅಮೆರಿಕದ ದೇವಸ್ಥಾನಗಳ ಪುರೋಹಿತರು ಜಂಬೂದ್ವೀಪದ ಜಾಗದಲ್ಲಿ ಕ್ರೌಂಚದ್ವೀಪವನ್ನು ಕೂರಿಸಿ ಕೆಲಸ ಸಾಗಿಸಿದ್ದಾರೆ. ಅಂದರೆ ಮನುಷ್ಯನ ವಿಳಾಸ ಬದಲಾದರೆ ಮಂತ್ರ ಹೊಂದಿಕೊಳ್ಳುತ್ತದೆ. ಆದರೆ ಒಂದು ಊರಿನಲ್ಲಿ ಬೆಳೆದ ಸಂಪತ್ತನ್ನು ಬುಡಸಮೇತ ಕಿತ್ತು ಇನ್ನೊಂದು ದೇಶಕ್ಕೆ ಒಯ್ದರೆ? ಇದರಲ್ಲಿ ಧರ್ಮದ ಪ್ರಶ್ನೆ ಏನಾದರೂ ಇದೆಯೋ, ಬರೀ ತೆರಿಗೆಯ ಪ್ರಶ್ನೆಯೋ?

ಕಾನೂನಿನ ಮಾತು ಮೊದಲು ಮುಗಿಸೋಣ. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆ, ಅಂದರೆ ಎಲ್‌ಆರ್‌ಎಸ್, 2004ರ ಫೆಬ್ರುವರಿಯಲ್ಲಿ ಶುರುವಾದಾಗ ಮಿತಿ 25 ಸಾವಿರ ಡಾಲರ್ ಇತ್ತು. ಹಂತಹಂತವಾಗಿ 2 ಲಕ್ಷಕ್ಕೆ ಏರಿ, 2013ರಲ್ಲಿ ರೂಪಾಯಿ ಕುಸಿದಾಗ 75 ಸಾವಿರಕ್ಕೆ ಇಳಿದು, 2015ರಿಂದ ವರ್ಷಕ್ಕೆ ತಲಾ 2.5 ಲಕ್ಷ ಡಾಲರಿಗೆ ನಿಂತಿದೆ. ರೂಪಾಯಿ ಲೆಕ್ಕದಲ್ಲಿ ಅದು ಎರಡು ಕೋಟಿಗೂ ಮೀರಿದ ಮೊತ್ತ. ಉಡುಗೊರೆಯಾಗಿಯೋ ಹೂಡಿಕೆಗೋ ಕಳಿಸುವುದಾದರೆ 10 ಲಕ್ಷ ರೂಪಾಯಿ ಮೀರಿದ ಭಾಗದ ಮೇಲೆ ಬ್ಯಾಂಕು ಶೇ 20ರಷ್ಟು ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತದೆ. ಎರಡು ಕೋಟಿ ಕಳಿಸಲು ಹೊರಟವರು ಮೊದಲು 38 ಲಕ್ಷ ಪಕ್ಕಕ್ಕೆ ಎತ್ತಿಡಬೇಕು. ರಿಟರ್ನ್ಸ್ ಸಲ್ಲಿಸಿದಾಗ ಅದು ತೆರಿಗೆಗೆ ಜಮೆಯಾಗುತ್ತದೆ, ಹೆಚ್ಚಾದದ್ದು ವಾಪಸ್ ಬರುತ್ತದೆ ನಿಜ. ಆದರೂ ಅಷ್ಟು ದುಡ್ಡು ತಿಂಗಳುಗಟ್ಟಲೆ ಸರ್ಕಾರದ ಬಳಿ ಕೂತಿರುವುದು ಯಾರಿಗೂ ಹಿತವಲ್ಲ. ನೆಲೆಸಲೆಂದೇ ವಿದೇಶಕ್ಕೆ ಹೋಗಿ ಅನಿವಾಸಿಯಾದವರ ದಾರಿ ಬೇರೆ. ಅವರ ಉಳಿತಾಯ ಖಾತೆ ಎನ್‌ಆರ್‌ಒ ಖಾತೆಯಾಗುತ್ತದೆ, ಅದರಿಂದ ವರ್ಷಕ್ಕೆ 10 ಲಕ್ಷ ಡಾಲರಿನವರೆಗೆ ಒಯ್ಯಬಹುದು. ಹಾಗಾಗಿ ಬಲ್ಲವರು ಮೊದಲು ತಾವು ಹೋಗುತ್ತಾರೆ, ದುಡ್ಡು ಆಮೇಲೆ ಬರುತ್ತದೆ.

ಇಷ್ಟನ್ನು ಪಾಲಿಸಿದವರ ಮೇಲೆ ಕಾನೂನಿಗೆ ದೂರಿಲ್ಲ. ದೂರು ಬರುವುದು ಮದುವೆ ಮನೆಯ ಪಂಕ್ತಿಯಲ್ಲಿ: ‘ಇಲ್ಲೇ ಓದಿ, ಇಲ್ಲೇ ದುಡಿದು, ಕೊನೆಗೆ ಎಲ್ಲಾ ಬಾಚಿಕೊಂಡು ಹೋದರು.’ ಇದು ದೇಶಭಕ್ತಿಯ ವೇಷದಲ್ಲಿರುವ ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವುದು ಸುಲಭ. ಬಹಳ ಸಲ ಅದು ಅಷ್ಟೇ ಆಗಿರುತ್ತದೆ ಕೂಡ. ಆದರೆ ಆ ಗೊಣಗಾಟದ ತಳದಲ್ಲಿ ಒಂದು ಹಳೆಯ ಪ್ರಶ್ನೆ ಕೂತಿದೆ. ಅದು ಗಡಿಯ ಕುರಿತದ್ದಲ್ಲ, ಋಣದ ಕುರಿತದ್ದು.

ಗಡಿ ದಾಟುವುದೇ ಪಾಪ ಎನ್ನುವ ಕಾಲವೂ ಇತ್ತು. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಜಾತಿಯಿಂದ ಬೀಳಿಸುವ ಕೃತ್ಯಗಳ ಪಟ್ಟಿಗೆ ಸೇರಿಸಿತ್ತು. ಜೈಪುರದ ಮಹಾರಾಜ ಎರಡನೇ ಮಾಧೋಸಿಂಗ್ 1902ರಲ್ಲಿ ಲಂಡನ್ನಿಗೆ ಹೊರಟಾಗ ಆಳೆತ್ತರದ ಬೆಳ್ಳಿ ಕೊಪ್ಪರಿಗೆಗಳಲ್ಲಿ ಗಂಗಾಜಲ ತುಂಬಿಸಿಕೊಂಡು ಹೋದ. ಆ ಪಾತ್ರೆಗಳು ಈಗಲೂ ಜೈಪುರದ ಅರಮನೆಯಲ್ಲಿವೆ. ಆ ನಿಷೇಧದ ಅಂಜಿಕೆಯೆಲ್ಲ ದೇಹ ಮೈಲಿಗೆಯಾಗುವ ಬಗ್ಗೆ. ಕಡಲಾಚೆ ಹೋದ ಹಣ ಮೈಲಿಗೆಯಾಯಿತು ಎಂದು ಯಾವ ಧರ್ಮಶಾಸ್ತ್ರಿಯೂ ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ.

ಒಡೆತನ ಎಂದರೇನು ಎಂದು ನಿಜವಾಗಿ ತಲೆ ಕೆಡಿಸಿಕೊಂಡವನು ನಮ್ಮ ಕಲ್ಯಾಣದವನೇ. ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಅಲ್ಲಿ ಅವನೊಂದು ದಿಟ್ಟ ವಾದ ಹೂಡುತ್ತಾನೆ: ಒಡೆತನ ಶಾಸ್ತ್ರದಿಂದ ಹುಟ್ಟುವುದಲ್ಲ, ಲೋಕವ್ಯವಹಾರದಿಂದ ಹುಟ್ಟುವುದು. ಶಾಸ್ತ್ರದ ಗಂಧವೇ ಇಲ್ಲದ ದೂರದ ಸೀಮೆಯ ಜನರೂ ಕೊಳ್ಳುತ್ತಾರೆ, ಮಾರುತ್ತಾರೆ, ಇದು ನನ್ನದು ಎನ್ನುತ್ತಾರಲ್ಲ? ಹೀಗೆ ಒಡೆತನವನ್ನು ವೇದದಿಂದ ಬಿಡಿಸಿ ಸಂತೆಗೆ ತಂದು ನಿಲ್ಲಿಸಿದವನು, ಸ್ಥಿರಾಸ್ತಿಯ ಮಾತು ಬಂದಾಗ ಮಾತ್ರ ಬಿಗಿಯಾಗುತ್ತಾನೆ. ತಂದೆ ತಾನೇ ಗಳಿಸಿದ ಜಮೀನಾದರೂ ಮಕ್ಕಳನ್ನು ಸೇರಿಸಿ ಕೇಳದೆ ಕೊಡಬಾರದು, ಮಾರಬಾರದು ಎಂಬ ಹಳೆಯ ವಚನವನ್ನು ಮುಂದಿಡುತ್ತಾನೆ. ಹುಟ್ಟಿದವರು, ಇನ್ನೂ ಹುಟ್ಟದವರು, ಗರ್ಭದಲ್ಲಿರುವವರು ಎಲ್ಲರಿಗೂ ಬದುಕಲು ಆಸರೆ ಬೇಕು ಎಂಬುದು ಅಲ್ಲಿನ ಕಾರಣ. ಸ್ವಂತ ಗಳಿಕೆಯ ಮನೆಗೆ ಇಂದಿನ ಕಾನೂನು ಈ ಕಟ್ಟು ಹಾಕುವುದಿಲ್ಲ, ಹಾಕಬೇಕಾಗಿಯೂ ಇಲ್ಲ. ಆದರೆ ತರ್ಕ ಗಮನಿಸುವಂಥದ್ದು: ಗಳಿಸಿದವನು ಒಬ್ಬನೇ ಆದರೂ ಗಳಿಕೆಯ ಮೇಲಿನ ಹಕ್ಕು ಅವನೊಬ್ಬನಲ್ಲೇ ಮುಗಿಯುವುದಿಲ್ಲ.

ಹಾಗಾದರೆ ಜಯನಗರದ ಒಂದು ನಿವೇಶನವನ್ನೇ ಉದಾಹರಣೆಗೆ ಇಟ್ಟುಕೊಳ್ಳಿ. ಎಚ್‌ಎಂಟಿಯಲ್ಲೋ ಬಿಇಎಲ್‌ನಲ್ಲೋ ಕೆಲಸ ಮಾಡುತ್ತಿದ್ದ ಒಬ್ಬರು ಐವತ್ತು ವರ್ಷದ ಹಿಂದೆ ಸಾಲ ಮಾಡಿ, ಹೆಂಡತಿಯ ಬಳೆ ಅಡವಿಟ್ಟು ಕೊಂಡದ್ದು. ಅವರ ಬೆವರು ಸುಳ್ಳಲ್ಲ. ಆದರೆ ಕೆಲವು ಸಾವಿರದ ಆ ಜಾಗ ಇಂದು ಹಲವು ಕೋಟಿಗೆ ಹೋಗುತ್ತದೆಂದರೆ ಆ ಬೆಲೆ ಅವರ ಬೆವರಿನಿಂದ ಬಂದದ್ದಲ್ಲ. 1974ರಲ್ಲಿ ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಕಾವೇರಿ ನೀರು ಮೇಲಕ್ಕೆ ಹತ್ತಿ ಬಂತು. ಸಾಫ್ಟ್‌ವೇರ್ ಕಂಪನಿಗಳು ಬಂದವು. ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದವರು ರಸ್ತೆ ಅಗೆದರು, ಕಟ್ಟಡ ಎಬ್ಬಿಸಿದರು. 2017ರಲ್ಲಿ ಮನೆಯ ಹತ್ತಿರಕ್ಕೆ ಮೆಟ್ರೊ ಬಂತು. ಇಷ್ಟು ಜನ ಸೇರಿ ಏರಿಸಿದ ಬೆಲೆಯನ್ನು ಕ್ರಯಪತ್ರದಲ್ಲಿ ಹೆಸರಿದ್ದವರು ಪಡೆಯುತ್ತಾರೆ. ಅಮೆರಿಕದ ಹೆನ್ರಿ ಜಾರ್ಜ್ 1879ರಲ್ಲೇ ‘ಪ್ರೋಗ್ರೆಸ್ ಅಂಡ್ ಪಾವರ್ಟಿ’ ಪುಸ್ತಕದಲ್ಲಿ ಈ ವಾದ ಮಂಡಿಸಿದ್ದ: ನೆಲದ ಬೆಲೆಯನ್ನು ಏರಿಸುವುದು ಸಮಾಜ, ಆದ್ದರಿಂದ ಅದು ಸಮಾಜಕ್ಕೇ ಸಲ್ಲಬೇಕು. ನಮ್ಮ ಸರ್ಕಾರ ಅಷ್ಟು ದೂರ ಹೋಗುವುದಿಲ್ಲ. 2024ರ ಜುಲೈ 23ರ ನಂತರದ ಮಾರಾಟಕ್ಕೆ ದೀರ್ಘಾವಧಿ ಬಂಡವಾಳ ಲಾಭದ ಮೇಲೆ ಶೇ 12.5 ತೆರಿಗೆ, ಅದಕ್ಕೂ ಮುಂಚೆ ಕೊಂಡ ಆಸ್ತಿಯಾದರೆ ನಿವಾಸಿಗಳಿಗೆ ಹಣದುಬ್ಬರ ಕಳೆದು ಶೇ 20ರ ಲೆಕ್ಕ ಹಿಡಿಯುವ ಅವಕಾಶವೂ ಇದೆ. ತೆರಿಗೆ ಕಟ್ಟಿದ ಮೇಲೆ ಊರಿನ ಋಣ ಹರಿಯಿತೇ ಎಂಬುದೇ ಈಗಿರುವ ಪ್ರಶ್ನೆ.

ಇದಕ್ಕೆ ಕನ್ನಡದ ಅತಿ ಚುರುಕಾದ ಉತ್ತರ ಆಯ್ದಕ್ಕಿ ಲಕ್ಕಮ್ಮನದು. ಗಂಡ ಮಾರಯ್ಯ ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು. ಅದರಲ್ಲೇ ದಾಸೋಹ, ಅದರಲ್ಲೇ ಹೊಟ್ಟೆ. ಒಂದು ದಿನ ಮಾಮೂಲಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ನಾಳೆಗೆ ಎತ್ತಿಡಲಿಲ್ಲ, ನೆರೆಮನೆಗೂ ಕೊಡಲಿಲ್ಲ. ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಈ ಕತೆಯನ್ನು ಅತಿಯಾಸೆಯ ವಿರುದ್ಧದ ಪಾಠವಾಗಿ ಹೇಳಿ ಹೇಳಿ ಅದರ ಮೊನೆ ಸವೆಸಿದ್ದೇವೆ. ಲಕ್ಕಮ್ಮ ಹೇಳಿದ್ದು ಬರೀ ‘ಹೆಚ್ಚು ಬೇಡ’ ಎಂದಲ್ಲ. ಹೆಚ್ಚಿನದಕ್ಕೊಂದು ಜಾಗವಿದೆ, ಅದು ಹೊರಟು ಬಂದ ಜಾಗವೇ ಎಂದಳು. ನಿವೃತ್ತರ ಇಡುಗಂಟಿಗೆ ಇದನ್ನು ಅಕ್ಷರಶಃ ಅನ್ವಯಿಸಿದರೆ ಯಾರೂ ವಿಮಾನ ಹತ್ತುವಂತಿಲ್ಲ, ಅದು ಸರಿಯೇ. ನಾಳೆಯ ಹಂಗಿಲ್ಲದ ಶರಣರ ಮನೆಗೂ ನರ್ಸಿಂಗ್ ಹೋಮಿನ ಬಿಲ್ಲಿಗೂ ಒಂದೇ ಅಳತೆ ಹಿಡಿಯಲಾಗದು. ಆದರೂ ಅವಳ ಮಾತು ಒಂದು ದಿಕ್ಕನ್ನಂತೂ ತೋರಿಸುತ್ತದೆ.

ಅದೇ ದಿಕ್ಕನ್ನು ಇಸ್ಲಾಮಿನ ಕಡ್ಡಾಯ ದಾನವಾದ ಜಕಾತಿನ ನಿಯಮ ಇನ್ನೂ ವ್ಯವಹಾರದ ಭಾಷೆಯಲ್ಲಿ ತೋರಿಸುತ್ತದೆ. ಪ್ರವಾದಿಯವರು ಮುಆದ್ ಇಬ್ನ್ ಜಬಲ್ ಅವರನ್ನು ಯೆಮನ್ನಿಗೆ ಕಳಿಸುವಾಗ ಅಲ್ಲಿನ ಉಳ್ಳವರಿಂದ ಪಡೆದು ಅಲ್ಲಿನ ಬಡವರಿಗೇ ಕೊಡಬೇಕೆಂದು ಸೂಚಿಸಿದ್ದರು. ಇದರ ಮೇಲೆ ನ್ಯಾಯಶಾಸ್ತ್ರಜ್ಞರು ಶತಮಾನಗಟ್ಟಲೆ ಚರ್ಚಿಸಿದ್ದಾರೆ. ಜಕಾತನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಒಯ್ಯುವುದನ್ನು ಶಾಫಿಈ ಪಂಥ ಸಾಮಾನ್ಯವಾಗಿ ಒಪ್ಪುವುದಿಲ್ಲ. ಹನಫಿಗಳು ಅದು ಮೆಚ್ಚತಕ್ಕದ್ದಲ್ಲ ಎನ್ನುತ್ತಾರೆ. ಆ ಇನ್ನೊಂದು ಊರಿನಲ್ಲಿ ಬಡ ಬಂಧುಗಳಿದ್ದರೆ ಅಥವಾ ಹೆಚ್ಚಿನ ಬಡತನವಿದ್ದರೆ ಮಾತ್ರ ಸಡಿಲಿಕೆ. ಕೊಡುವವನು ಎಲ್ಲಿದ್ದಾನೆ ಎಂಬುದಕ್ಕಿಂತ ಸಂಪತ್ತು ಎಲ್ಲಿದೆ ಎಂಬುದನ್ನೇ ಬಹುಪಾಲು ಪಂಡಿತರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅಬೂ ಉಬೈದ್ ಅವರ ‘ಕಿತಾಬುಲ್ ಅಮ್ವಾಲ್’ನಲ್ಲಿ ಬರುವ ಪ್ರಸಂಗವೊಂದು ಸೊಗಸಾಗಿದೆ. ಖಲೀಫ ಉಮರ್ ಕಾಲದಲ್ಲಿ ಮುಆದ್ ಯೆಮನ್ನಿನ ಜಕಾತಿನ ಮೂರನೇ ಒಂದು ಭಾಗವನ್ನು ಮದೀನಕ್ಕೆ ಕಳಿಸಿದರು. ಉಮರ್ ಸಿಟ್ಟಾದರು: ನಿನ್ನನ್ನು ಕಂದಾಯ ಎತ್ತಲು ಕಳಿಸಿಲ್ಲ, ಅಲ್ಲಿಯ ಬಡವರಿಗೇ ಹಂಚಲು ಕಳಿಸಿದ್ದು. ಪಡೆಯುವವರು ಸಿಕ್ಕಿದ್ದರೆ ಕಳಿಸುತ್ತಿರಲಿಲ್ಲ ಎಂದರು ಮುಆದ್. ಮರುವರ್ಷ ಅರ್ಧ ಬಂತು, ಮೂರನೇ ವರ್ಷ ಪೂರ್ತಿ ಬಂತು. ಪ್ರತಿಸಲವೂ ಅದೇ ಆಕ್ಷೇಪ, ಅದೇ ಉತ್ತರ. ರಾಜಧಾನಿಗೆ ದುಡ್ಡು ಬರುವುದನ್ನು ಆಳುವವನೇ ಬೇಡವೆಂದದ್ದು ಇತಿಹಾಸದಲ್ಲಿ ಎಷ್ಟು ಸಲ ಕಂಡೀತು? ಇಲ್ಲಿ ಸಂಪತ್ತು ಹೊರಹೋಗುವುದಕ್ಕೆ ತಡೆಯೇನೂ ಇಲ್ಲ. ಮೊದಲು ಸ್ಥಳೀಯ ಹಕ್ಕು ತೀರಬೇಕು, ಆಮೇಲೆ ಉಳಿದದ್ದು ಎಲ್ಲಿಗಾದರೂ ಹೋಗಲಿ ಎಂಬ ಕ್ರಮವಿದೆ.

ದುಡ್ಡು ಮತ್ತು ದೂರ, ಈ ಎರಡನ್ನೂ ಒಟ್ಟಿಗೆ ಕಟ್ಟಿಹಾಕಿದವರು ಮಾತ್ರ ಜೈನರು. ಶ್ರಾವಕನಿಗೆ, ಅಂದರೆ ಸಂಸಾರದಲ್ಲಿರುವವನಿಗೆ, ಇದಕ್ಕೆಂದೇ ಎರಡು ವ್ರತಗಳಿವೆ. ಪರಿಗ್ರಹ ಪರಿಮಾಣದಲ್ಲಿ ಹೊಲ, ಮನೆ, ಚಿನ್ನ, ಬೆಳ್ಳಿ, ದನ, ಧಾನ್ಯ ಇಷ್ಟಕ್ಕಿಂತ ಹೆಚ್ಚು ಬೇಡ ಎಂದು ತಾನೇ ಗೆರೆ ಎಳೆದುಕೊಳ್ಳಬೇಕು. ದಿಗ್ವ್ರತದಲ್ಲಿ ಯಾವ ದಿಕ್ಕಿಗೆ ಎಷ್ಟು ದೂರ ಎಂದೂ ಮೊದಲೇ ನಿಶ್ಚಯಿಸಬೇಕು. ದೇಶಾವಕಾಶಿಕ ಎಂಬ ಇನ್ನೊಂದು ವ್ರತ ಈ ದೂರವನ್ನು ಕೆಲವು ದಿನಗಳ ಮಟ್ಟಿಗೆ ಮತ್ತಷ್ಟು ಕುಗ್ಗಿಸುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೇ ಅಧ್ಯಾಯ ಈ ವ್ರತಗಳಿಗೆ ಬರುವ ದೋಷಗಳನ್ನು ಎಣಿಸುವ ರೀತಿ ನೋಡಿದರೆ, ಅದನ್ನು ಬರೆದವರು ಬ್ಯಾಂಕಿನಲ್ಲಿ ತಪಾಸಣಾಧಿಕಾರಿ ಆಗಿದ್ದರೇನೋ ಅನಿಸಬೇಕು. ಗೆರೆ ದಾಟಬಾರದು, ಸರಿ. ಆಚೆಯಿಂದ ವಸ್ತು ತರಿಸಿಕೊಂಡರೆ? ದೋಷ. ಆಳನ್ನು ಕಳಿಸಿದರೆ? ಅದೂ ದೋಷ. ಗೆರೆಯೊಳಗೇ ನಿಂತು ಕೆಮ್ಮಿ, ಸದ್ದು ಮಾಡಿ ಆಚೆಯವರಿಗೆ ಸೂಚನೆ ಕೊಟ್ಟರೆ? ಮಾತಾಡದೆ ಬರೀ ಮುಖ ತೋರಿಸಿದರೆ? ಒಂದು ಕಲ್ಲು ಎಸೆದರೆ? ಐದೂ ದೋಷವೇ. ದಿಗ್ವ್ರತದಲ್ಲಿ ಕ್ಷೇತ್ರವೃದ್ಧಿ ಎಂಬ ದೋಷವಿದೆ. ಟೀಕಾಕಾರರು ಕೊಡುವ ಉದಾಹರಣೆಯಂತೆ, ಒಂದು ದಿಕ್ಕಿನ ಬಳಸದ ದೂರವನ್ನು ಇನ್ನೊಂದು ದಿಕ್ಕಿಗೆ ಸೇರಿಸಿಕೊಳ್ಳುವುದು ಇದು. ಮಾರ್ಚ್ 31ರೊಳಗೆ ಒಂದು ಕಂತು, ಏಪ್ರಿಲ್ ಮೊದಲ ವಾರ ಇನ್ನೊಂದು ಕಂತು, ಹೆಂಡತಿಯ ಮಿತಿಯಲ್ಲಿ ಮತ್ತೊಂದು ಎಂದು ಲೆಕ್ಕ ಹಾಕುವ ನಿವೃತ್ತರಿಗೆ ಇದು ಪರಿಚಿತ ಕಸರತ್ತು. ಕಾನೂನಿನಲ್ಲಿ ಅದಕ್ಕೆ ತಕರಾರಿಲ್ಲ. ವ್ರತದಲ್ಲಿ ಇದೆ, ಯಾಕೆಂದರೆ ಅಲ್ಲಿ ಗೆರೆ ಎಳೆದವನೂ ತಾನೇ, ತಪ್ಪಿಸಿಕೊಳ್ಳಲು ಸಂದಿ ಹುಡುಕುವವನೂ ತಾನೇ.

ಎಲ್‌ಆರ್‌ಎಸ್ ಮಿತಿಗೂ ಪರಿಗ್ರಹ ಪರಿಮಾಣಕ್ಕೂ ಇರುವ ಅಂತರ ಇದೇ. ರಿಸರ್ವ್ ಬ್ಯಾಂಕಿಗೆ ಡಾಲರಿನ ಚಿಂತೆ. ಕಳಿಸುವವರ ಮನಸ್ಸಿನಲ್ಲಿ ಏನಾಗುತ್ತಿದೆ ಎಂಬುದು ಅದರ ಕೆಲಸವಲ್ಲ. ಶ್ರಾವಕನ ಮಿತಿ ಹೊರಡುವುದೇ ಇನ್ನೊಂದು ತುದಿಯಿಂದ: ನನಗೆ ಎಷ್ಟು ಸಾಕು? ವಿದೇಶದಲ್ಲಿ ನೆಲೆಸುವ ವೃದ್ಧರು ಈ ಪ್ರಶ್ನೆಯನ್ನು ಗುಣಾಕಾರ ಭಾಗಾಕಾರವಾಗಿಯಾದರೂ ಕೇಳಿಕೊಂಡೇ ಕೇಳಿಕೊಳ್ಳುತ್ತಾರೆ. ಕೇಳಿಕೊಂಡ ಮೇಲೆ ಸಿಕ್ಕ ಉತ್ತರಕ್ಕೆ ಬದ್ಧರಾಗುವವರು ಕಡಿಮೆ. ಪರನಾಡಿಗೆ ಬಂದು ಕೊನೆಗಾಲ ಕಳೆದವರಲ್ಲಿ ಕರ್ನಾಟಕ ಕಂಡ ಅತಿ ದೊಡ್ಡ ಹೆಸರು ಚಂದ್ರಗುಪ್ತ ಮೌರ್ಯನದು. ಜೈನ ಪರಂಪರೆಯ ಪ್ರಕಾರ ಭದ್ರಬಾಹು ಮುನಿಯ ಜೊತೆ ಶ್ರವಣಬೆಳಗೊಳಕ್ಕೆ ಬಂದು ಚಿಕ್ಕಬೆಟ್ಟದಲ್ಲಿ ಸಲ್ಲೇಖನ ಕೈಗೊಂಡ ಅವನು ಮಗಧದ ಖಜಾನೆಯಿಂದ ಏನನ್ನೂ ತರಲಿಲ್ಲ.

ಸಾಮ್ರಾಟನಿಗೆ ಅದು ಸಾಧ್ಯವಾಯಿತು, ಸಲ್ಲೇಖನಕ್ಕೆ ಮೆಡಿಕಲ್ ಇನ್ಶೂರೆನ್ಸ್ ಬೇಕಿಲ್ಲ. ಇಂದಿನ ತಂದೆತಾಯಿಗೆ ಬೇಕು. ಅಮೆರಿಕದ ಗ್ರೀನ್ ಕಾರ್ಡ್ ಸಿಕ್ಕರೂ, ಅಲ್ಲಿ ದುಡಿದ ದಾಖಲೆ ಇಲ್ಲದ ವೃದ್ಧರು ಐದು ವರ್ಷ ಬಿಡದೆ ನೆಲೆಸಿದ ಮೇಲಷ್ಟೇ ಮೆಡಿಕೇರ್ ಕೊಳ್ಳಬಹುದು. ಕೆನಡಾದ ಸೂಪರ್ ವೀಸಾಕ್ಕೆ ಕನಿಷ್ಠ 1 ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ತೋರಿಸಬೇಕು. ಆಸ್ಟ್ರೇಲಿಯಾದಲ್ಲಿ ಬೇಗ ಕಾಯಂ ಆಗಬಯಸುವ ತಂದೆತಾಯಿಯ ವೀಸಾಕ್ಕೆ ತಲಾ 40 ಸಾವಿರ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು ಕಟ್ಟಬೇಕು. ಮಕ್ಕಳ ಜೊತೆ ಇರುವುದಕ್ಕೂ ರೇಟ್ ಕಾರ್ಡ್ ಇರುವ ಕಾಲದಲ್ಲಿ ‘ಕಾಸಿದ್ದರೆ ಕೈಲಾಸ’ ಎಂದವರನ್ನು ಲೋಭಿಗಳೆಂದು ಹಳಿಯುವುದು ಅನ್ಯಾಯ. ಬೃಹದಾರಣ್ಯಕ ಉಪನಿಷತ್ತಿನ ಯಾಜ್ಞವಲ್ಕ್ಯ ಮನೆ ಬಿಟ್ಟು ಹೊರಟಾಗ ಆಸ್ತಿಯನ್ನು ಮೈತ್ರೇಯಿ, ಕಾತ್ಯಾಯನಿ ಇಬ್ಬರಿಗೂ ಪಾಲು ಮಾಡಲು ಮುಂದಾದ. ಮೈತ್ರೇಯಿ ಅಮೃತತ್ವ ಕೇಳಿ ಹೆಸರಾದಳು. ತನ್ನ ಪಾಲಿಗೆ ಬಂದದ್ದರಲ್ಲಿ ಬದುಕಬೇಕಾಗಿದ್ದ ಕಾತ್ಯಾಯನಿಯ ಬಗ್ಗೆ ಉಪನ್ಯಾಸ ಮಾಡುವವರು ಕಡಿಮೆ. ಎಪ್ಪತ್ತೈದರ ವಯಸ್ಸಿನಲ್ಲಿ, ಕಾರಿಲ್ಲದೆ ಓಡಾಡಲಾಗದ ಊರಿನಲ್ಲಿ, ಸೊಸೆಯನ್ನೋ ಅಳಿಯನನ್ನೋ ಮಾತ್ರೆಗೂ ಕೇಳಬೇಕಾಗಿ ಬರುವವರೆಲ್ಲ ಕಾತ್ಯಾಯನಿಯರೇ.

ಇಲ್ಲಿ ಧರ್ಮಸೂಕ್ಷ್ಮ ಇನ್ನೊಂದು ತಿರುವು ತೆಗೆದುಕೊಳ್ಳುತ್ತದೆ. ಎಷ್ಟೋ ಜನ ಮನೆ ಮಾರಿದ ದುಡ್ಡನ್ನು ತಮ್ಮ ಹೆಸರಿಗೆ ಇಟ್ಟುಕೊಳ್ಳದೆ ನೇರವಾಗಿ ಮಗನ ಖಾತೆಗೆ ಉಡುಗೊರೆಯಾಗಿ ಹಾಕಿಬಿಡುತ್ತಾರೆ. ಮಗ ಅಮೆರಿಕದ ನಿವಾಸಿಯಾಗಿದ್ದರೆ, ವರ್ಷಕ್ಕೆ 1 ಲಕ್ಷ ಡಾಲರ್ ಮೀರಿದ ಇಂಥ ಉಡುಗೊರೆಯನ್ನು 3520 ಎಂಬ ಫಾರಂನಲ್ಲಿ ಅಮೆರಿಕದ ತೆರಿಗೆ ಇಲಾಖೆಗೆ ತಿಳಿಸಬೇಕು. ಅಲ್ಲಿಗೆ ಕಾಗದಪತ್ರ ಮುಗಿಯಿತು, ಮುಂದಿನದೆಲ್ಲ ನಂಬಿಕೆ. ಜುನಾಗಢದ ನರಸಿಂಹ ಮೆಹ್ತಾನ ಕತೆ ಗುಜರಾತಿನವರಿಗೆಲ್ಲ ಗೊತ್ತು: ದಾರಿಯಲ್ಲಿ ಕಳ್ಳರ ಭಯವೆಂದು ದ್ವಾರಕೆಗೆ ಹೊರಟ ಯಾತ್ರಿಕರು 700 ರೂಪಾಯಿ ಕೊಟ್ಟು ಹುಂಡಿ, ಅಂದರೆ ಅಲ್ಲಿ ತೋರಿಸಿ ಹಣ ಪಡೆಯುವ ಪತ್ರ, ಕೇಳಿದರು. ಕೈಯಲ್ಲಿ ಕವಡೆಯಿಲ್ಲದ ಭಕ್ತ, ಶಾಮಲಶಾ ಸೇಠ್ ಎಂಬ ಹೆಸರಿಗೆ, ಅಂದರೆ ಸಾಕ್ಷಾತ್ ಕೃಷ್ಣನ ಮೇಲೆ, ಹುಂಡಿ ಬರೆದುಕೊಟ್ಟ. ಕೃಷ್ಣ ಸೇಠನ ವೇಷದಲ್ಲಿ ಬಂದು ಹಣ ಎಣಿಸಿದ. ಮಗನ ಮೇಲೆ ಬರೆದ ಹುಂಡಿಯೂ ಬಹಳ ಸಲ ಸಲ್ಲುತ್ತದೆ, ಸಂತೋಷ. ಸಲ್ಲದೆ ಹೋದರೆ ದಾರಿ ಕಷ್ಟ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ನೋಡಿಕೊಳ್ಳದಿದ್ದರೆ ಹಿಂದಕ್ಕೆ ಪಡೆಯಲು ಅವಕಾಶ ಕೊಡುತ್ತದೆ. ಆದರೆ ಕ್ಯಾಲಿಫೋರ್ನಿಯಾದ ಬ್ಯಾಂಕ್ ಖಾತೆಯಲ್ಲಿ ಕರಗಿಹೋದ ಡಾಲರಿನ ಮೇಲೆ, ಆ ಕಾಯ್ದೆಯಡಿ ಇಲ್ಲಿನ ಉಪವಿಭಾಗಾಧಿಕಾರಿ ಕೊಡುವ ಆದೇಶ ನಡೆಯುವ ಹಾಗಿಲ್ಲ. ತ್ಯಾಗವೆಂದು ಕರೆದುಕೊಂಡು ಮಾಡುವ ಈ ಕೊಡುಗೆ ಅಪರಿಗ್ರಹವೂ ಅಲ್ಲ, ದಾನವೂ ಅಲ್ಲ. ವಾಪಸ್ ಬರಬೇಕೆಂಬ ನಿರೀಕ್ಷೆಯನ್ನು ಬಾಯಿಬಿಟ್ಟು ಹೇಳದ ಸಾಲ.

ಒಟ್ಟು ನೋಡಿದರೆ ಪರಂಪರೆಗಳು ವೃದ್ಧರ ಊಟ, ಔಷಧಿ, ಮಾನಕ್ಕೆ ಬೇಕಾದದ್ದನ್ನು ಒಯ್ಯಲು ಅಡ್ಡಿ ಮಾಡುವಂತೆ ಕಾಣುವುದಿಲ್ಲ. ಅವುಗಳ ತಕರಾರು ಅದರಾಚೆಯ ಭಾಗದ ಮೇಲೆ, ಅದೂ ಕಾವೇರಿ ನೀರು, ಮೆಟ್ರೊ, ಗುಳೆ ಬಂದವರ ಕೂಲಿ ಸೇರಿ ಬೆಳೆಸಿದ ಭಾಗದ ಮೇಲೆ. ಮನೆಗೆಲಸಕ್ಕೆ ಇಪ್ಪತ್ತು ವರ್ಷ ಬಂದವಳ ಮಗಳ ಕಾಲೇಜು ಫೀಜು, ಓದಿದ ಸರ್ಕಾರಿ ಶಾಲೆ, ಊರ ಆಸ್ಪತ್ರೆಯ ಒಂದು ಮಂಚ: ಸ್ಥಳೀಯ ಹಕ್ಕುದಾರರ ಪಟ್ಟಿ ಪ್ರತಿಯೊಬ್ಬರಿಗೂ ಬೇರೆ. ಶತಪಥ ಬ್ರಾಹ್ಮಣ ದೇವಋಣ, ಋಷಿಋಣ, ಪಿತೃಋಣಗಳ ಜೊತೆ ಮನುಷ್ಯಋಣವನ್ನೂ ಸೇರಿಸಿದಾಗ ಆ ಪಟ್ಟಿಗೆ ಖಾಲಿ ಜಾಗ ಬಿಟ್ಟಂತೆಯೇ ಆಗಿತ್ತು.

ಈ ಋಣಕ್ಕೆ ಸಲ್ಲಬೇಕಾದದ್ದನ್ನು ವಿದೇಶಕ್ಕೆ ಹೋಗಿ ಸೆಟಲ್ ಆಗಿ ನಿಧಾನಕ್ಕೆ ಕಳಿಸಿದರಾಯಿತು ಎನ್ನುವವರು ಒಂದು ವಿಷಯ ತಿಳಿದಿರಬೇಕು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡ ಅನಿವಾಸಿ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವ ದೇಣಿಗೆಗೆ ವಿದೇಶಿ ದೇಣಿಗೆ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ಅನ್ವಯಿಸುವುದಿಲ್ಲ. ಗ್ರೀನ್ ಕಾರ್ಡಿನ ಐದು ವರ್ಷ ಕಳೆದು ಅಮೆರಿಕದ ಪೌರತ್ವ ತೆಗೆದುಕೊಂಡರೆ, ಕೈಯಲ್ಲಿ ಒಸಿಐ ಕಾರ್ಡ್ ಇದ್ದರೂ, ಅದೇ ವ್ಯಕ್ತಿ ಅದೇ ಊರಿನ ಶಾಲೆಯ ಟ್ರಸ್ಟಿಗೆ ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ. ಟ್ರಸ್ಟಿಗೆ ಎಫ್‌ಸಿಆರ್‌ಎ ನೋಂದಣಿ ಇರಬೇಕು ಅಥವಾ ಕೇಂದ್ರದ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಅಂಥ ಹಣ ಮೊದಲು ನವದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬಂದಿಳಿಯಬೇಕು. ತೀರ್ಥಹಳ್ಳಿಯ ಶಾಲೆಯೊಂದಕ್ಕೆ ಅಡುಗೆಮನೆ ಕಟ್ಟಿಸಿಕೊಡಬೇಕು ಎಂದುಕೊಂಡ ನಿವೃತ್ತ ಮೇಷ್ಟರಿಗೆ, ಮನೆ ಮಾರಿದ ವಾರ ಒಂದು ಚೆಕ್ಕಿನಲ್ಲಿ ಮುಗಿಯುತ್ತಿದ್ದ ಕೆಲಸ ಅದು.